ಸೆಟ್ ಗಟ್ಟಿ, ಸೆಲ್ ಖಾಲಿ

ನರಗುಂದ, ರೋಣ ತಾಲ್ಲೂಕಿನ ಹೊಳೆಸಾಲಿನ ಊರುಗಳಿಗೆ ಮಲಪ್ರಭೆಯ ಎರಡೂ ಮುಖ ಗೊತ್ತು. ಬೇಸಿಗೆಯಲ್ಲಿ ಕುಡಿಯುವ ನೀರಿಗೂ ತತ್ವಾರ. ಮಳೆಗಾಲದಲ್ಲಿ ನವಿಲುತೀರ್ಥ ಜಲಾಶಯ ತುಂಬಿ ಗೇಟು ತೆರೆದರೆ, ಅದೇ ಹೊತ್ತಿಗೆ ಬೆಣ್ಣಿಹಳ್ಳವೂ ಉಕ್ಕಿದರೆ, ರಾತ್ರೋರಾತ್ರಿ ಮನೆ ಬಿಡಬೇಕಾದ ಪ್ರಸಂಗ. 2009ರ ಸೆಪ್ಟೆಂಬರ್ ಕೊನೆಯ ಮಳೆ ಉತ್ತರ ಕರ್ನಾಟಕವನ್ನು ಮುಳುಗಿಸಿದಾಗ ಈ ಭಾಗದ ಹಲವು ಊರುಗಳಿಗೆ ‘ಆಸರೆ’ ಯೋಜನೆಯಡಿ ಬೇರೆ ಜಾಗದಲ್ಲಿ ಮನೆ ಕಟ್ಟಬೇಕಾಯಿತು. ಹತ್ತು ವರ್ಷ ಕಳೆದು 2019ರ ಆಗಸ್ಟ್‌ನಲ್ಲಿ ಕೊಣ್ಣೂರು, ಲಖಮಾಪುರ, ಹೊಳೆಆಲೂರು, ಮೆಣಸಗಿಗಳು ಮತ್ತೆ ನೀರು ಕಂಡವು. ಕೊಣ್ಣೂರಿನ ಬಳಿ ಹೆದ್ದಾರಿಯೇ ಬಂದ್ ಆಯಿತು.

ಇಂಥ ದಿನಗಳಲ್ಲಿ ಮೊದಲು ಹೋಗುವುದು ಕರೆಂಟು. ಅಪಾಯ ತಪ್ಪಿಸಲು ಹೆಸ್ಕಾಂನವರೇ ಲೈನ್ ಬಂದ್ ಮಾಡುತ್ತಾರೆ. ಮೊಬೈಲ್ ಟವರಿನ ಬ್ಯಾಟರಿ ಕೆಲವು ತಾಸು ಎಳೆಯುತ್ತದೆ, ಆಮೇಲೆ ಜನರೇಟರಿಗೆ ಡೀಸೆಲ್ ಬರಬೇಕು, ಡೀಸೆಲ್ ಬರಲು ರಸ್ತೆ ಇರಬೇಕು. ಇವ್ಯಾವುದರ ಹಂಗೂ ಇಲ್ಲದೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ನೇರವಾಗಿ ಮಾತು ದಾಟಿಸುವ ಸಾಧನ ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿ ರೇಡಿಯೊದವರ ವಾಕಿಟಾಕಿ. ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ ಮೀಸಲಾದ 144ರಿಂದ 146 ಮೆಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಅದು ಕೆಲಸ ಮಾಡುತ್ತದೆ. ನಡುವೆ ಟವರ್ ಬೇಡ, ಕಂಪನಿ ಬೇಡ, ರೀಚಾರ್ಜ್ ಬೇಡ. ಈ ತರಂಗಗಳು ಹೆಚ್ಚುಕಡಿಮೆ ಕಣ್ಣಳತೆಯ ನೇರದಲ್ಲಿ ಸಾಗುವುದರಿಂದ ಎತ್ತರ ಇದ್ದಷ್ಟೂ ದೂರ ಮುಟ್ಟುತ್ತವೆ. ಸುತ್ತಲಿನ ಬಯಲಿಗಿಂತ 100 ಮೀಟರ್ ಎತ್ತರದಲ್ಲಿ ನಿಂತರೆ ರೇಡಿಯೊ ದಿಗಂತ ಲೆಕ್ಕದ ಪ್ರಕಾರ ಸುಮಾರು 41 ಕಿಲೋಮೀಟರ್. ಕಪ್ಪು ಎರೆ ಬಯಲಿನ ನಡುವೆ ಒಮ್ಮೆಲೇ ಎದ್ದು ನಿಂತಿರುವ ನರಗುಂದದ ಕೋಟೆ ಗುಡ್ಡ, ಗಾಳಿಯಂತ್ರಗಳು ತಿರುಗುವ ಗಜೇಂದ್ರಗಡದ ಗುಡ್ಡಸಾಲು ಇವೆರಡೂ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗಗಳು.

ಆದರೆ ಗುಡ್ಡ ಇದ್ದರೆ ಸಾಲದು. ಕೈಯಲ್ಲಿರುವ ಸೆಟ್ ಹೊತ್ತಿಕೊಳ್ಳಬೇಕು.

ಹಳೆಯ ಸೆಟ್‌ಗಳ ವಿಷಯದಲ್ಲಿ ತೊಂದರೆ ಬಹುತೇಕ ಇಲ್ಲೇ ಶುರುವಾಗುತ್ತದೆ. 1980ರ ದಶಕದ ಆರಂಭದ ಐಕಾಮ್ ಐಸಿ-2ಎಟಿ, ಆವರ್ತನವನ್ನು ಬೆರಳಿನಿಂದ ತಿರುಗಿಸುವ ಪುಟ್ಟ ಗಾಲಿಗಳ ಸೆಟ್. ಅದೇ ದಶಕದ ಯೇಸು ಎಫ್‌ಟಿ-23ಆರ್. ಆಮೇಲೆ ಬಂದ ಐಕಾಮ್ ಐಸಿ-ವಿ8. 2004ರಲ್ಲಿ ಬಂದ ಯೇಸು ಎಫ್‌ಟಿ-60ಆರ್. ಇವುಗಳ ಒಳಗಿನ ಎಲೆಕ್ಟ್ರಾನಿಕ್ಸ್ ದಶಕಗಳ ಕಾಲ ಬಾಳುವಂಥದ್ದು. ಬಿದ್ದರೂ ತಡೆದುಕೊಳ್ಳುತ್ತವೆ, ಬಿಡಿಭಾಗ ಬಿಚ್ಚಿ ರಿಪೇರಿ ಮಾಡಬಹುದು. ಜೊತೆಗೆ ಬಂದ ಬ್ಯಾಟರಿ ಪ್ಯಾಕ್ ಮಾತ್ರ ನಾಲ್ಕಾರು ವರ್ಷಕ್ಕೆ ಸೋಲುತ್ತದೆ. ‘ರಾತ್ರಿಯೆಲ್ಲ ಹಾಕಿದ್ರೂ ಚಾರ್ಜ್ ಹಿಡೀವಲ್ದ್ರೀ’ ಎಂಬ ಮಾತಿನೊಂದಿಗೆ ಸೆಟ್ ಅಲಮಾರು ಸೇರುತ್ತದೆ. ಕಂಪನಿ ಆ ಮಾದರಿಯ ಪ್ಯಾಕ್ ಮಾಡುವುದನ್ನು ನಿಲ್ಲಿಸಿರುತ್ತದೆ. ಅಂಗಡಿಯ ಕಪಾಟಿನಲ್ಲಿ ‘ಹೊಸದು’ ಎಂದು ಸಿಗುವ ಪ್ಯಾಕ್ ಕೂಡ ಎಷ್ಟೋ ವರ್ಷದ ಹಿಂದೆ ತಯಾರಾಗಿದ್ದು, ಸೀಲ್ ಒಡೆಯುವ ಮೊದಲೇ ಅರ್ಧ ಸತ್ತಿರುವುದುಂಟು.

ಬ್ಯಾಟರಿ ಎಂಬ ಈ ಒಂದು ಬಿಡಿಭಾಗ ಹ್ಯಾಮ್ ಲೋಕವನ್ನು ಭೂಮಿಯ ಮೇಲೆ ಮಾತ್ರ ಕಾಡಿಲ್ಲ. 2005ರ ಮೇ 5ರಂದು ಇಸ್ರೊ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ6 ರಾಕೆಟ್‌ನಲ್ಲಿ ಕಾರ್ಟೊಸ್ಯಾಟ್-1ರ ಜೊತೆಗೆ 42.5 ಕಿಲೊ ತೂಕದ ‘ಹ್ಯಾಮ್‌ಸ್ಯಾಟ್’ ಉಪಗ್ರಹವನ್ನು ಹಾರಿಸಿತು. ಬೆಂಗಳೂರಿನಲ್ಲಿ ತಯಾರಾದ, ಜಗತ್ತಿನ ಹ್ಯಾಮ್‌ಗಳೆಲ್ಲ ಬಳಸಬಹುದಾಗಿದ್ದ ಉಪಗ್ರಹ ಅದು. ಒಂಬತ್ತು ವರ್ಷ ಚೆನ್ನಾಗಿ ದುಡಿದು 2014ರ ಜುಲೈನಲ್ಲಿ ಸುಮ್ಮನಾಯಿತು. ಕಾರಣ, ಅದರೊಳಗಿನ ಲಿಥಿಯಂ ಅಯಾನ್ ಬ್ಯಾಟರಿಯ ವೈಫಲ್ಯ. ಅದಕ್ಕೂ ಹಳೆಯ ಇನ್ನೊಂದು ಹ್ಯಾಮ್ ಉಪಗ್ರಹ ಆಸ್ಕರ್-7ರ ಕಥೆ ಇದಕ್ಕೆ ತದ್ವಿರುದ್ಧ. 1974ರ ನವೆಂಬರ್ 15ರಂದು ಹಾರಿದ ಅದು 1981ರಲ್ಲಿ ಬ್ಯಾಟರಿ ಶಾರ್ಟ್ ಆಗಿ ನಿಂತುಹೋಯಿತು. ಎಲ್ಲರೂ ಅದನ್ನು ಮರೆತ ಮೇಲೆ, 2002ರ ಜೂನ್ 21ರಂದು, ಅದರ ಸಂಕೇತ ಮತ್ತೆ ಕೇಳಿಸಿತು! ಶಾರ್ಟ್ ಆಗಿದ್ದ ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿಯ ದಾರಿ ಎಲ್ಲೋ ಕಡಿದುಹೋಗಿ, ಸೌರಫಲಕದ ವಿದ್ಯುತ್ ನೇರವಾಗಿ ಯಂತ್ರಕ್ಕೆ ಹರಿಯತೊಡಗಿತ್ತು. ಅಲ್ಲಿಂದೀಚೆಗೆ ಬಿಸಿಲು ಬಿದ್ದಾಗ ಎಚ್ಚರ, ನೆರಳಿಗೆ ಹೋದಾಗ ನಿದ್ದೆ, ಹೀಗೆ ಅದು ಕೆಲಸ ಮಾಡಿದೆ.

ನಿಕ್ಕಲ್ ಸೆಲ್‌ಗಳು ಶಾರ್ಟ್ ಆಗಿ ಸಾಯುವುದು ಹೆಚ್ಚು. ಲಿಥಿಯಂ ಸೆಲ್‌ಗಳು ಸವೆದು, ಊದಿಕೊಂಡು, ಕೆಲವೊಮ್ಮೆ ಅಪಾಯ ತಂದೊಡ್ಡಿ ಸಾಯುತ್ತವೆ. ಹಳೆಯ ಪ್ಯಾಕನ್ನು ಕೈಗೆತ್ತಿಕೊಳ್ಳುವವರಿಗೆ ಮೊದಲು ಬೇಕಾದ ತಿಳಿವಳಿಕೆ ಇದೇ. ಪ್ಯಾಕಿನ ಬೆನ್ನ ಮೇಲಿನ ಚೀಟಿ ಓದಿದರೆ ಜಾತಿ ಗೊತ್ತಾಗುತ್ತದೆ. ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ಕಂಡುಹಿಡಿದ ನಿಕ್ಕಲ್ ಕ್ಯಾಡ್ಮಿಯಂ, ಅದರ ಜಾಗಕ್ಕೆ ಬಂದ ನಿಕ್ಕಲ್ ಮೆಟಲ್ ಹೈಡ್ರೈಡ್, ಈ ಎರಡರಲ್ಲೂ ಒಂದು ಸೆಲ್ಲಿಗೆ 1.2 ವೋಲ್ಟ್. ಹಾಗಾಗಿ 7.2 ವೋಲ್ಟ್ ಎಂದು ಬರೆದಿದ್ದರೆ ಒಳಗೆ ಆರು ಸೆಲ್, 8.4 ಎಂದಿದ್ದರೆ ಏಳು. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್‌ನಲ್ಲಿ ಒಂದು ಸೆಲ್ಲಿಗೆ 3.7 ವೋಲ್ಟ್, ಪೂರ್ತಿ ತುಂಬಿದಾಗ 4.2. ಆದ್ದರಿಂದ 7.4 ವೋಲ್ಟ್ ಎಂದರೆ ಎರಡು ಸೆಲ್.

ನಿಕ್ಕಲ್ ಪ್ಯಾಕ್‌ನಿಂದಲೇ ಶುರು ಮಾಡುವುದು ಒಳ್ಳೆಯದು. ಮನೆಯಲ್ಲೇ ಪರೀಕ್ಷಿಸಬಹುದಾದ, ತಾಳ್ಮೆಯಿದ್ದರೆ ಮತ್ತೆ ಕಟ್ಟಬಹುದಾದ ಪ್ಯಾಕ್ ಅದು.

ಬರೀ ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ನೋಡಿದರೆ ಏನೂ ತಿಳಿಯುವುದಿಲ್ಲ. ಸವೆದ ಪ್ಯಾಕ್ ಕೂಡ ಭಾರವಿಲ್ಲದಾಗ 7.5 ವೋಲ್ಟ್ ತೋರಿಸುತ್ತದೆ; ಮಾತಾಡುವ ಬಟನ್ ಒತ್ತಿದ ಕ್ಷಣ 5ಕ್ಕೆ ಕುಸಿದು ಸೆಟ್ ಆರುತ್ತದೆ. ಸೆಲ್ಲಿನ ಒಳಗಿನ ತಡೆ ಹೆಚ್ಚಿರುವುದೇ ಇದಕ್ಕೆ ಕಾರಣ. ಭಾರ ಹೊರಿಸಿಯೇ ನೋಡಬೇಕು. ಅದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಬೈಕಿನ ಇಂಡಿಕೇಟರಿಗೆ ಹಾಕುವ 12 ವೋಲ್ಟ್, 10 ವಾಟ್‌ನ ಬಲ್ಬ್ ಸಾಕು, ಅದು 7.2 ವೋಲ್ಟ್ ಪ್ಯಾಕಿನಿಂದ ಸುಮಾರು 0.6 ಆಂಪಿಯರ್ ಎಳೆಯುತ್ತದೆ. ಎಫ್‌ಟಿ-60ರ ಪ್ಯಾಕ್ ಎಫ್‌ಎನ್‌ಬಿ-83ರ ಸಾಮರ್ಥ್ಯ 1400 ಮಿಲಿಆಂಪಿಯರ್ ಅವರ್. ಆರೋಗ್ಯವಂತ ಪ್ಯಾಕ್ ಈ ಬಲ್ಬನ್ನು ಎರಡು ತಾಸಿಗೂ ಮೇಲೆ ಉರಿಸಬೇಕು. ಇಪ್ಪತ್ತು ನಿಮಿಷಕ್ಕೆ ಬೆಳಕು ಕೆಂಪಗಾದರೆ ಪ್ಯಾಕಿನ ಕಥೆ ಗೊತ್ತಾದಂತೆ. ಒಂದು ಎಚ್ಚರ: ಆರು ಸೆಲ್ಲಿನ ಪ್ಯಾಕ್ 6 ವೋಲ್ಟ್‌ಗೆ ಇಳಿದ ಕೂಡಲೇ ಬಲ್ಬ್ ಕಿತ್ತುಬಿಡಬೇಕು.

ಏಕೆಂದರೆ ಆರು ಸೆಲ್‌ಗಳೂ ಸಾಲಾಗಿ ಒಂದಕ್ಕೊಂದು ಜೋಡಿಸಿದವು. ಕೂರಿಗೆಗೆ ಕಟ್ಟಿದ ಜೋಡಿಯಲ್ಲಿ ಒಂದು ಎತ್ತು ಕೂತರೆ ಇನ್ನೊಂದರ ಗತಿ ಏನಾಗುತ್ತದೋ ಇಲ್ಲೂ ಹಾಗೇ. ಮೊದಲು ಖಾಲಿಯಾದ ಸೆಲ್ಲಿನ ಮೂಲಕ ಉಳಿದ ಐದರ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಆಗ ಆ ಸೆಲ್ಲಿನ ಧನ ಋಣಗಳೇ ತಿರುವುಮುರುವಾಗಿ ಅದು ಶಾಶ್ವತವಾಗಿ ಕೆಡುತ್ತದೆ. ‘ಬ್ಯಾಟರಿ ಪೂರಾ ಖಾಲಿ ಮಾಡಿ ಚಾರ್ಜ್ ಮಾಡಬೇಕು’ ಎಂಬ ಹಳೆಯ ಸಲಹೆ ಒಂಟಿ ಸೆಲ್ಲಿಗೆ ಸರಿ, ಪ್ಯಾಕಿಗೆ ಅಪಾಯ.

‘ಮೆಮೊರಿ ಹಿಡಿದಿದೆ’ ಎಂಬುದು ಇನ್ನೊಂದು ಪ್ರಚಲಿತ ಮಾತು. ಅರ್ಧ ಬಳಸಿ ಚಾರ್ಜಿಗಿಟ್ಟರೆ ಬ್ಯಾಟರಿ ಆ ಅರ್ಧವನ್ನೇ ನೆನಪಿಟ್ಟುಕೊಳ್ಳುತ್ತದೆ ಎಂಬ ನಂಬಿಕೆ ಅದು. ನಿಕ್ಕಲ್ ಕ್ಯಾಡ್ಮಿಯಂನಲ್ಲಿ ಅಂಥ ಗುಣ ಇರುವುದು ನಿಜ. ಆದರೆ ಮನೆಯ ಬಳಕೆಯಲ್ಲಿ ಪ್ಯಾಕನ್ನು ಹೆಚ್ಚು ಕೆಡಿಸುವುದು ಅದಲ್ಲ, ಅತಿ ಚಾರ್ಜ್. ಹಳೆಯ ಸೆಟ್‌ಗಳ ಜೊತೆ ಬಂದ ಸಾದಾ ಚಾರ್ಜರ್‌ಗಳಿಗೆ ತಾವಾಗಿ ನಿಲ್ಲುವುದು ಗೊತ್ತಿಲ್ಲ. ದಿನಗಟ್ಟಲೆ ಅದರಲ್ಲೇ ಕೂತ ಪ್ಯಾಕಿನೊಳಗೆ ರಾಸಾಯನಿಕದ ಹರಳುಗಳು ದಪ್ಪಗಾಗುತ್ತವೆ, ವೋಲ್ಟೇಜ್ ಬೇಗ ಕುಸಿಯುತ್ತದೆ.

ಹೀಗೆ ಸೊರಗಿದ ಪ್ಯಾಕ್ ಚೇತರಿಸಿಕೊಳ್ಳುವ ಸಾಧ್ಯತೆ ಇದೆ. ವಿಧಾನ ಸರಳ: ಸಾಮರ್ಥ್ಯದ ಹತ್ತನೇ ಒಂದು ಭಾಗದ ಕರೆಂಟಿನಲ್ಲಿ, ಅಂದರೆ 1400ರ ಪ್ಯಾಕಿಗೆ 140 ಮಿಲಿಆಂಪಿಯರ್‌ನಲ್ಲಿ, 14ರಿಂದ 16 ತಾಸು ಚಾರ್ಜ್ ಮಾಡುವುದು, ಬಲ್ಬ್ ಹಚ್ಚಿ 6 ವೋಲ್ಟ್‌ವರೆಗೆ ಇಳಿಸುವುದು, ಮತ್ತೆ ಚಾರ್ಜ್. ಮೂರು ಸುತ್ತು ಮುಗಿಯುವಷ್ಟರಲ್ಲಿ ಬಲ್ಬ್ ಉರಿಯುವ ಹೊತ್ತು ಹೆಚ್ಚುತ್ತಿದ್ದರೆ ಪ್ಯಾಕ್ ಉಳಿಯಿತು. ಹೆಚ್ಚದಿದ್ದರೆ ಬಿಚ್ಚಲೇಬೇಕು. ಶಾರ್ಟ್ ಆದ ಸೆಲ್ಲಿಗೆ ಒಂದು ಕ್ಷಣ ಭಾರಿ ಕರೆಂಟ್ ಹಾಯಿಸಿ ಎಬ್ಬಿಸುವ ತಂತ್ರವನ್ನು ಹಳೆಯ ಕೈಗಳು ಬಲ್ಲವು. ಒಳಗಿನ ಎರಡು ಪದರಗಳ ನಡುವೆ ಬೆಳೆದ ಹರಳಿನ ಎಳೆ ಆ ಹೊಡೆತಕ್ಕೆ ಸುಟ್ಟುಹೋಗಿ ಸೆಲ್ ಜೀವ ತಳೆಯುತ್ತದೆ. ಆದರೆ ಎಳೆ ತೂರಿದ್ದ ರಂಧ್ರ ಹಾಗೇ ಉಳಿದಿರುತ್ತದೆ, ಅದೇ ದಾರಿಯಲ್ಲಿ ಮತ್ತೊಂದು ಎಳೆ ಬೆಳೆಯುತ್ತದೆ. ಮೇಜಿನ ಮೇಲಿನ ಪ್ರಯೋಗಕ್ಕೆ ಇದು ಸರಿಯೇ. ನೆರೆಯ ರಾತ್ರಿಯಲ್ಲಿ ಇಂಥ ಸೆಲ್ಲನ್ನು ನಂಬಿ ಹೊಳೆದಂಡೆಗೆ ಹೋಗುವುದು ತಪ್ಪು.

ಬಿಚ್ಚುವ ಕೆಲಸಕ್ಕೆ ಅವಸರ ಕೂಡದು. ಕೆಲವು ಪ್ಯಾಕ್‌ಗಳಿಗೆ ಸ್ಕ್ರೂ ಇರುತ್ತದೆ. ಬಹಳಷ್ಟರ ಎರಡು ಹೋಳುಗಳನ್ನು ಕಂಪನದಿಂದ ಕರಗಿಸಿ ಅಂಟಿಸಿರುತ್ತಾರೆ. ಅಂಟಿನ ಗೆರೆಯುದ್ದಕ್ಕೂ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಬಂದರೆ ಎಲ್ಲೋ ಒಂದು ಕಡೆ ಬಿರುಕು ಬಿಡುತ್ತದೆ. ಬಿಡದಿದ್ದರೆ ಹ್ಯಾಕ್‌ಸಾ ಬ್ಲೇಡಿನಿಂದ ಗೆರೆಯನ್ನು ಆಳವಿಲ್ಲದಂತೆ ಕೊಯ್ಯಬೇಕು. ಪ್ಲಾಸ್ಟಿಕ್ಕಿನ ಹಿಂದೆಯೇ ಸೆಲ್ ಇರುತ್ತದೆ. ಬ್ಲೇಡ್ ತಗುಲಿದರೆ ಶಾರ್ಟ್.

ಮುಚ್ಚಳ ಬಂದ ಕೂಡಲೇ ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಬೇಕು. ಆರು ಸೆಲ್, ಅವನ್ನು ಜೋಡಿಸಿದ ತೆಳು ನಿಕ್ಕಲ್ ಪಟ್ಟಿ, ಸೆಲ್ಲುಗಳ ನಡುವೆ ಸಿಕ್ಕಿಸಿದ ಅಕ್ಕಿಕಾಳಿನಷ್ಟು ಚಿಕ್ಕ ಥರ್ಮಿಸ್ಟರ್, ಬಿಸಿ ಮೀರಿದರೆ ದಾರಿ ಕಡಿಯುವ ಫ್ಯೂಸ್, ಚಾರ್ಜಿಂಗ್ ತುದಿಯ ಡಯೋಡ್. ಕೈಗೆ ಕಸದಂತೆ ಕಾಣುವ ಈ ಸಣ್ಣ ವಸ್ತುಗಳನ್ನು ‘ಇದ್ಯಾಕೆ’ ಎಂದು ಕಿತ್ತುಹಾಕುವವರಿದ್ದಾರೆ. ಚಾರ್ಜರ್‌ಗೆ ಯಾವಾಗ ನಿಲ್ಲಬೇಕು ಎಂದು ತಿಳಿಸುವುದು ಆ ಥರ್ಮಿಸ್ಟರ್, ಬೆಂಕಿ ತಪ್ಪಿಸುವುದು ಆ ಫ್ಯೂಸ್. ಒಂದೊಂದನ್ನೂ ಹೊಸ ಕಟ್ಟಿನಲ್ಲಿ ಇದ್ದಲ್ಲೇ ಕೂರಿಸಬೇಕು. ಸೋರಿದ ಸೆಲ್ಲಿನ ಸುತ್ತ ಬಿಳಿ ಅಥವಾ ಹಸಿರು ಪುಡಿ ಕಂಡರೆ ಅದು ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಉಳಿಕೆ, ಚರ್ಮವನ್ನೂ ಕಣ್ಣನ್ನೂ ಸುಡುವ ಕ್ಷಾರ. ಗ್ಲೌಸ್, ಕನ್ನಡಕ ಹಾಕಿಕೊಂಡು ವಿನೆಗರ್ ಇಲ್ಲವೇ ನಿಂಬೆರಸ ಸವರಿ, ಒರೆಸಿ, ಸ್ಪಿರಿಟ್‌ನಿಂದ ಒಣಗಿಸಬೇಕು.

ಮೀಟರ್ ಇಟ್ಟು ನೋಡಿದರೆ ಆರರಲ್ಲಿ ಒಂದೋ ಎರಡೋ ಮಾತ್ರ ಸೊನ್ನೆ ತೋರಿಸುವುದು ಸಾಮಾನ್ಯ. ಆ ಎರಡನ್ನಷ್ಟೇ ಬದಲಿಸುವ ಆಸೆ ಹುಟ್ಟುತ್ತದೆ. ಹಾಗೆ ಮಾಡಿದರೆ ಹಳೆಯ ನಾಲ್ಕರಲ್ಲಿ ಒಂದು ಬೇಗನೆ ಸೋತು ಮತ್ತೆ ಬಿಚ್ಚುವ ಕೆಲಸ ಬರುತ್ತದೆ. ಆರನ್ನೂ ಒಂದೇ ಕಂಪನಿಯ, ಒಂದೇ ಸಾಮರ್ಥ್ಯದ, ಒಂದೇ ಸಲ ಕೊಂಡ ಸೆಲ್‌ಗಳಿಂದ ಬದಲಿಸುವುದೇ ಲಾಭ. ಮೊದಲಿದ್ದ ಸೆಲ್ಲಿನ ಉದ್ದ, ದಪ್ಪ ಅಳೆದುಕೊಂಡೇ ಪೇಟೆಗೆ ಹೋಗಬೇಕು. ಪೆನ್ ಟಾರ್ಚಿನ ಎಎ ಅಳತೆಯಲ್ಲೇ ಗಿಡ್ಡ ಸೆಲ್‌ಗಳೂ ಇರುತ್ತವೆ. ತಾವಾಗಿಯೇ ಖಾಲಿಯಾಗುವುದು ಕಡಿಮೆ ಇರುವ ಹೊಸ ತಲೆಮಾರಿನ ಮೆಟಲ್ ಹೈಡ್ರೈಡ್ ಸೆಲ್‌ಗಳು 2005ರಿಂದ ಸಿಗುತ್ತಿವೆ. ತಿಂಗಳುಗಟ್ಟಲೆ ಸುಮ್ಮನಿದ್ದು ಒಂದು ದಿನ ಇದ್ದಕ್ಕಿದ್ದಂತೆ ಬೇಕಾಗುವ ಸೆಟ್ಟಿಗೆ ಇವೇ ಸೂಕ್ತ.

ಜೋಡಿಸುವಾಗ ಸೆಲ್ಲಿನ ಮೈಗೆ ನೇರವಾಗಿ ಬೆಸುಗೆ ಹಾಕಬಾರದು. ಕಾವಿನ ಕಡ್ಡಿಯ ಬಿಸಿ ಒಳಗಿನ ಪ್ಲಾಸ್ಟಿಕ್ ಸೀಲನ್ನೂ ಪದರಗಳನ್ನು ಬೇರ್ಪಡಿಸುವ ಹಾಳೆಯನ್ನೂ ಸುಡುತ್ತದೆ. ಪಟ್ಟಿ ಅಂಟಿಸಿಯೇ ಮಾರುವ ಸೆಲ್ ಕೊಂಡು ಪಟ್ಟಿಗೆ ಪಟ್ಟಿ ಬೆಸೆಯಬಹುದು, ಇಲ್ಲವೇ ಸ್ಪಾಟ್ ವೆಲ್ಡಿಂಗ್ ಮಾಡಿಸಬಹುದು. ಎಲೆಕ್ಟ್ರಿಕ್ ಸ್ಕೂಟರುಗಳು ಬಂದ ಮೇಲೆ ಹುಬ್ಬಳ್ಳಿಯಂಥ ಊರುಗಳಲ್ಲಿ ಬ್ಯಾಟರಿ ರಿಪೇರಿಯವರ ಬಳಿ ಈ ಯಂತ್ರ ಸಿಗುವುದು ಕಷ್ಟವಲ್ಲ. ಒಂದು ಸೂಕ್ಷ್ಮ ಇದೆ. ಸೆಲ್ಲಿನ ಇಡೀ ಲೋಹದ ಮೈ ಋಣ. ಧನ ಎಂದರೆ ತುದಿಯ ಆ ಮೊಗ್ಗು ಮಾತ್ರ. ಮೊಗ್ಗಿನಿಂದ ಪಕ್ಕದ ಸೆಲ್ಲಿಗೆ ದಾಟುವ ಪಟ್ಟಿ ಅದೇ ಸೆಲ್ಲಿನ ಅಂಚಿನ ಮೇಲೆ ಹಾದುಹೋಗುತ್ತದೆ. ಅಲ್ಲಿ ತಡೆಯಾಗಿರುವುದು ಬರೀ ತೆಳು ಪ್ಲಾಸ್ಟಿಕ್ ಹೊದಿಕೆ. ಅದು ಸವೆದರೆ ಸೆಲ್ ತನಗೆ ತಾನೇ ಶಾರ್ಟ್. ಹಾಗಾಗಿ ರಿಪೇರಿಯವರು ಬಾರ್ಲಿ ಪೇಪರ್ ಎಂದು ಕರೆಯುವ ಹಾಳೆಯ ಉಂಗುರವನ್ನು ಪ್ರತಿ ಮೊಗ್ಗಿನ ಸುತ್ತ ಅಂಟಿಸಿದ ಮೇಲೆಯೇ ಪಟ್ಟಿ ಕೂರಿಸಬೇಕು.

ಲಿಥಿಯಂ ಪ್ಯಾಕಿನ ನಿಯಮವೇ ಬೇರೆ. ಮೀಟರ್ ಸೊನ್ನೆ ತೋರಿಸಿದ ಮಾತ್ರಕ್ಕೆ ಅದು ಸತ್ತಿದೆ ಎನ್ನುವಂತಿಲ್ಲ. ಒಳಗಿನ ರಕ್ಷಣಾ ಸರ್ಕ್ಯೂಟ್, ಅಂಗಡಿಯವರ ಭಾಷೆಯಲ್ಲಿ ಬಿಎಂಎಸ್, ವೋಲ್ಟೇಜ್ ಅತಿ ಕಡಿಮೆಯಾದಾಗ ಹೊರದಾರಿ ಮುಚ್ಚಿಬಿಡುತ್ತದೆ. ಸರಿಯಾದ ಚಾರ್ಜರಿಗಿಟ್ಟರೆ ಎಷ್ಟೋ ಸಲ ತಾನಾಗಿ ತೆರೆದುಕೊಳ್ಳುತ್ತದೆ. ಆದರೆ ಸೆಲ್ಲಿನ ವೋಲ್ಟೇಜ್ 2ಕ್ಕಿಂತ ಕೆಳಗಿಳಿದು ಬಹುಕಾಲ ಬಿದ್ದಿದ್ದರೆ ಒಳಗಿನ ತಾಮ್ರ ಕರಗಿ ಬೇಡದ ಕಡೆ ಹೆಪ್ಪುಗಟ್ಟಿರುತ್ತದೆ. ಅಂಥದ್ದನ್ನು ಬಲವಂತವಾಗಿ ಚಾರ್ಜ್ ಮಾಡಿದರೆ ಬೆಂಕಿ ಹತ್ತಬಹುದು. ಉಬ್ಬಿದ ಪ್ಯಾಕಿಗೂ ಇದೇ ಮಾತು. ಚುಚ್ಚಬಾರದು, ಒತ್ತಬಾರದು, ಬದುಕಿಸುವ ಪ್ರಯತ್ನವೇ ಬೇಡ.

ಇನ್ನೆರಡು ತಪ್ಪುಗಳನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಎರಡೂ ನೋಡಲು ಜಾಣತನದಂತೆ ಕಾಣುತ್ತವೆ. ಮೊದಲನೆಯದು, 7.2 ವೋಲ್ಟ್‌ನ ನಿಕ್ಕಲ್ ಪ್ಯಾಕಿನೊಳಗೆ 7.4 ವೋಲ್ಟ್‌ನ ಎರಡು ಲಿಥಿಯಂ ಸೆಲ್ ಕೂರಿಸುವುದು. ಸೆಟ್ಟಿಗೆ ಆ ವೋಲ್ಟೇಜ್ ಒಗ್ಗುತ್ತದೆ, ಹಳೆಯ ಚಾರ್ಜರಿಗೆ ಒಗ್ಗುವುದಿಲ್ಲ. ಅದಕ್ಕೆ ಸೆಲ್ಲಿಗೆ 4.2 ವೋಲ್ಟ್ ಆದಾಗ ನಿಲ್ಲುವುದು ಗೊತ್ತಿಲ್ಲ. ಎರಡನೆಯದು, ಪೆನ್ ಟಾರ್ಚ್ ಸೆಲ್ಲಿನಷ್ಟೇ ಗಾತ್ರದ 14500 ಎಂಬ ಲಿಥಿಯಂ ಸೆಲ್ಲನ್ನು ಆರು ಸೆಲ್ಲಿನ ಡಬ್ಬಿಗೆ ತುಂಬುವುದು. ಅಳತೆ ಸರಿಹೊಂದುತ್ತದೆ, ಆದರೆ ಸೆಟ್ಟಿಗೆ ಒಮ್ಮೆಗೇ 22ರಿಂದ 25 ವೋಲ್ಟ್ ನುಗ್ಗುತ್ತದೆ. ಮೂವತ್ತು ವರ್ಷ ಬಾಳಿದ ಸೆಟ್ ಒಂದು ಕ್ಷಣದಲ್ಲಿ ಸುಡುತ್ತದೆ.

ಸೆಲ್ ಕೊಳ್ಳುವಾಗಲೂ ಕಣ್ಣು ತೆರೆದಿರಬೇಕು. ಬೆಂಗಳೂರಿನ ಎಸ್‌ಪಿ ರೋಡಿನಿಂದ ಆನ್‌ಲೈನ್‌ವರೆಗೆ 18650 ಲಿಥಿಯಂ ಸೆಲ್‌ಗಳ ಮೇಲೆ 9800 ಮಿಲಿಆಂಪಿಯರ್ ಅವರ್ ಎಂದು ಅಚ್ಚು ಹಾಕಿ ಮಾರುವುದುಂಟು. ಆ ಗಾತ್ರದಲ್ಲಿ ಒಳ್ಳೆಯ ಕಂಪನಿಗಳು ಕೊಡುವ ಸಾಮರ್ಥ್ಯ 3500ರ ಆಸುಪಾಸು. ಅಸಲಿ ಸೆಲ್ 45 ಗ್ರಾಂಗಿಂತ ಅಷ್ಟೇನೂ ಹಗುರ ಇರುವುದಿಲ್ಲ. ಬಂಗಾರದಂಗಡಿಯ ತಕ್ಕಡಿಯಲ್ಲಿ ಇಟ್ಟರೆ ನಕಲಿ ಸೆಲ್ಲಿನ ಹಗುರ ಕೂಡಲೇ ಬಯಲಾಗುತ್ತದೆ.

ಇಷ್ಟೆಲ್ಲ ಬೇಡ ಎನ್ನುವವರಿಗೆ ಎರಡು ಸುಲಭ ದಾರಿಗಳಿವೆ. ಹಲವು ಹಳೆಯ ಸೆಟ್‌ಗಳಿಗೆ ಎಎ ಸೆಲ್ ತುಂಬುವ ಖಾಲಿ ಡಬ್ಬಿ ಸಿಗುತ್ತದೆ. ಕಿರಾಣಿ ಅಂಗಡಿಯ ಸೆಲ್ ಹಾಕಿದರೂ ಸೆಟ್ ಹೊತ್ತಿಕೊಳ್ಳುತ್ತದೆ. ಆದರೆ ಪೂರ್ತಿ 5 ವಾಟ್ ಶಕ್ತಿಯಲ್ಲಿ ಮಾತಾಡಲು ಸುಮಾರು ಒಂದೂವರೆ ಆಂಪಿಯರ್ ಬೇಕು. ಸಾದಾ ಸೆಲ್‌ಗಳು ಅಷ್ಟು ಕೊಡಲಾರದೆ ಕುಸಿಯುವುದರಿಂದ ಕಡಿಮೆ ಶಕ್ತಿಯಲ್ಲಿ ಇಟ್ಟೇ ಮಾತಾಡಬೇಕು. ಡಬ್ಬಿ ಸಿಕ್ಕಿಸಿದಾಗ ಚಾರ್ಜರ್ ಚುಚ್ಚಬಾರದು ಎಂಬುದನ್ನು ಮನೆಯ ಎಲ್ಲರಿಗೂ ಹೇಳಿಡಬೇಕು.

ಇನ್ನೊಂದು ದಾರಿ ಈ ಸೀಮೆಗೆ ವಿಶೇಷವಾಗಿ ಹೊಂದುತ್ತದೆ. ಹತ್ತಿ, ಮೆಣಸಿನಕಾಯಿ, ಕಡಲೆ ಬೆಳೆಯುವ ರೋಣ, ನರಗುಂದ, ಗಜೇಂದ್ರಗಡದ ರೈತರ ಮನೆಗಳಲ್ಲಿ ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಬ್ಯಾಟರಿ ಪಂಪು ಸಾಮಾನ್ಯ. ಅದರ ತಳದಲ್ಲಿ ಬಹಳಷ್ಟು ಸಲ ಇರುವುದು 12 ವೋಲ್ಟ್, 8 ಆಂಪಿಯರ್ ಅವರ್‌ನ ಮುಚ್ಚಿದ ಲೆಡ್ ಆಸಿಡ್ ಬ್ಯಾಟರಿ. ಎಫ್‌ಟಿ-23, ಎಫ್‌ಟಿ-60ರಂಥ ಅನೇಕ ಸೆಟ್‌ಗಳು ಹೊರಗಿನ 12 ವೋಲ್ಟ್‌ನಿಂದ ನಡೆಯಬಲ್ಲವು. ಹೊತ್ತಿನ ಹತ್ತನೇ ಒಂದು ಭಾಗ ಮಾತು, ಉಳಿದದ್ದು ಕೇಳುವುದು ಎಂದುಕೊಂಡರೆ ಸೆಟ್ ಸರಾಸರಿ ಕಾಲು ಆಂಪಿಯರ್ ತಿನ್ನುತ್ತದೆ. ಹೊಸ 1400ರ ಪ್ಯಾಕ್ ಐದು ತಾಸಿಗೆ ಮುಗಿಯುತ್ತದೆ. ಪಂಪಿನ ಬ್ಯಾಟರಿಯ ಅರ್ಧ ಮಾತ್ರ ಬಳಸಿದರೂ ಹದಿನೈದು ತಾಸು ಬರುತ್ತದೆ. ಜೊತೆಗೆ ಅದರ ಚಾರ್ಜರ್ ಮನೆಯಲ್ಲೇ ಇದೆ.

ಇದಕ್ಕೆ ಮೂರು ಕಟ್ಟುಪಾಡು. ವೈರನ್ನು ಸೆಟ್ಟಿನ ಹೊರಗಿನ ಡಿಸಿ ಕಿಂಡಿಗೇ ಕೊಡಬೇಕು, 7.2 ವೋಲ್ಟ್ ಪ್ಯಾಕ್ ಕೂರುವ ತುದಿಗಳಿಗೆ 12 ವೋಲ್ಟ್ ಮುಟ್ಟಿಸಬಾರದು. ಬ್ಯಾಟರಿಯ ಧನ ತುದಿಯ ಹತ್ತಿರವೇ 3 ಆಂಪಿಯರ್ ಫ್ಯೂಸ್ ಇರಬೇಕು. ಧನ ಋಣ ತಪ್ಪದಂತೆ ಕೆಂಪು ಕಪ್ಪು ವೈರನ್ನೇ ಬಳಸಬೇಕು. ಡಿಸಿ ಕಿಂಡಿ ಇಲ್ಲದ ಸೆಟ್ಟಿಗೆ ಸತ್ತ ಪ್ಯಾಕಿನ ಚಿಪ್ಪನ್ನು ಬರಿದು ಮಾಡಿ, ಅದರಲ್ಲಿ 12 ವೋಲ್ಟನ್ನು 7.5ಕ್ಕೆ ಇಳಿಸುವ ಪುಟ್ಟ ಬಕ್ ಕನ್ವರ್ಟರ್ ಕೂರಿಸಬಹುದು. ಅಗ್ಗದ ಕನ್ವರ್ಟರ್‌ಗಳು ರೇಡಿಯೊ ಗದ್ದಲ ಎಬ್ಬಿಸಿ ದೂರದ ದನಿಯನ್ನು ಮುಚ್ಚಿಹಾಕುತ್ತವೆ. ವೈರಿಗೆ ಫೆರೈಟ್ ಉಂಗುರ ಹಾಕಿದರೆ ಗದ್ದಲ ತಗ್ಗುತ್ತದೆ. ಇಡೀ ವಿಷಯದಲ್ಲಿ ಒಂದೇ ಸಲಹೆ ಕೊಡಿ ಎಂದರೆ ಅದು ಇದೇ: ಪ್ಯಾಕ್ ಸರಿಮಾಡಿಕೊಳ್ಳಿ, ಆದರೆ ನೆರೆಗೆಂದು 12 ವೋಲ್ಟಿನ ವೈರನ್ನು ಸಿದ್ಧವಾಗಿಡಿ.

ಪ್ಯಾಕ್ ಬೇಗ ಸಾಯುವುದರಲ್ಲಿ ಇಲ್ಲಿನ ಬಿಸಿಲಿನ ಪಾಲೂ ದೊಡ್ಡದು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಸೆಕೆಯಲ್ಲಿ, ತಗಡಿನ ಮನೆಯಲ್ಲಿ, ಪೂರ್ತಿ ಚಾರ್ಜ್ ಮಾಡಿಟ್ಟ ಲಿಥಿಯಂ ಪ್ಯಾಕ್ ಸುಮ್ಮನಿದ್ದರೂ ಸವೆಯುತ್ತದೆ. ವರ್ಷವಿಡೀ 40 ಡಿಗ್ರಿಯಲ್ಲೇ ಇದ್ದರೆ ಅದು ಮೂರನೇ ಒಂದರಷ್ಟು ಸಾಮರ್ಥ್ಯ ಕಳೆದುಕೊಳ್ಳುತ್ತದೆ. ಅರ್ಧದಷ್ಟೇ ಚಾರ್ಜ್ ಮಾಡಿ ತಂಪು ಜಾಗದಲ್ಲಿಟ್ಟರೆ ಈ ಸವೆತ ಎಷ್ಟೋ ಕಡಿಮೆ. ಸೆಟ್ಟಿನಿಂದ ಪ್ಯಾಕ್ ಬಿಡಿಸಿಟ್ಟರೆ ಇನ್ನೂ ಒಳ್ಳೆಯದು. ಸ್ವಿಚ್ ಆರಿಸಿದ್ದರೂ ಕೆಲವು ಸೆಟ್‌ಗಳು ಅಷ್ಟಷ್ಟೇ ಕರೆಂಟ್ ಹೀರುತ್ತಿರುತ್ತವೆ.

ಕಿತ್ತ ಸೆಲ್‌ಗಳನ್ನು ತಿಪ್ಪೆಗೆಸೆಯಬಾರದು. ಕ್ಯಾಡ್ಮಿಯಂ ಮೂತ್ರಪಿಂಡ, ಎಲುಬುಗಳನ್ನು ಕೆಡಿಸುವ ವಿಷ. ಮಣ್ಣು ಸೇರಿದರೆ ಬೆಳೆಯ ಮೂಲಕ ಊಟದ ತಟ್ಟೆಗೇ ಬರುತ್ತದೆ. 2022ರ ಆಗಸ್ಟ್‌ನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳು ಹಳೆಯ ಬ್ಯಾಟರಿ ವಾಪಸ್ ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಊರಿಗೆ ಸಂಗ್ರಹ ಕೇಂದ್ರ ಬರುವವರೆಗೆ ತುದಿಗಳಿಗೆ ಟೇಪ್ ಸುತ್ತಿ, ಒಣ ಮರಳಿನ ಡಬ್ಬಿಯಲ್ಲಿಟ್ಟು, ದೊಡ್ಡ ಊರಿಗೆ ಹೋದಾಗ ಅಧಿಕೃತ ಇ-ತ್ಯಾಜ್ಯ ಸಂಗ್ರಹದವರಿಗೆ ಕೊಡುವುದು ಸರಿಯಾದ ದಾರಿ.

ಸೆಟ್ ಸರಿಯಾದರೂ ಪರವಾನಗಿ ಇಲ್ಲದೆ ಅದನ್ನು ಬಳಸುವಂತಿಲ್ಲ. 12 ವರ್ಷ ತುಂಬಿದ ಯಾರೇ ಆದರೂ ಕೇಂದ್ರ ಸಂವಹನ ಸಚಿವಾಲಯದ ಪರೀಕ್ಷೆ ಬರೆದು ಹ್ಯಾಮ್ ಪರವಾನಗಿ ಪಡೆಯಬಹುದು. 1959ರಿಂದ ಇರುವ ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್, ಬೆಂಗಳೂರಿನದೇ ಆದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಈ ಪರೀಕ್ಷೆಗೆ ತರಬೇತಿ ಕೊಡುತ್ತ ಬಂದಿವೆ. 2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನ್‌ಗೆ ಬಡಿದಾಗ, ಹವ್ಯಾಸದ ಕೆಲಸಕ್ಕೆಂದು ಪೋರ್ಟ್ ಬ್ಲೇರ್‌ಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಅವರ ತಂಡ ದ್ವೀಪಗಳ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿತು. ಅವರಿಗೆ ಅದು ಸಾಧ್ಯವಾದದ್ದು ಪರವಾನಗಿ, ಪಳಗಿದ ಕೈ, ನಡೆಯುವ ಸೆಟ್ ಮೂರೂ ಆ ಹೊತ್ತಿಗೆ ಒಂದೇ ಜಾಗದಲ್ಲಿ ಇದ್ದುದರಿಂದ.

ಮಲಪ್ರಭೆಯ ದಂಡೆಯಲ್ಲಿ ಈ ಮೂರನ್ನೂ ಕೂಡಿಸುವುದು ದೊಡ್ಡ ಖರ್ಚಿನ ಮಾತಲ್ಲ. ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಐಟಿಐ, ಪಾಲಿಟೆಕ್ನಿಕ್, ಕಾಲೇಜುಗಳ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆ ಪ್ಯಾಕ್ ಬಿಚ್ಚಿ ಕಟ್ಟುವುದು ಒಳ್ಳೆಯ ಪಾಠ, ಹ್ಯಾಮ್ ಪರೀಕ್ಷೆ ಅದರ ಮುಂದಿನ ಹೆಜ್ಜೆ. ಶಿಕ್ಷಕರು ಮನಸ್ಸು ಮಾಡಬೇಕು. ಹಳೆಯ ಸೆಟ್ ಅಲಮಾರಿನಲ್ಲಿಟ್ಟಿರುವ ಪರವಾನಗಿದಾರರು ಪ್ರತಿ ವರ್ಷ ಮೇ ಕೊನೆಯ ವಾರದಲ್ಲಿ ಅದನ್ನು ಹೊರತೆಗೆದು, ಪ್ಯಾಕಿಗೆ ಬಲ್ಬ್ ಹಚ್ಚಿ ನೋಡಿ, 12 ವೋಲ್ಟಿನ ವೈರ್ ಸಿದ್ಧವಿದೆಯೇ ಎಂದು ಪರೀಕ್ಷಿಸಿ, ಗುಡ್ಡ ಹತ್ತಿ ಒಮ್ಮೆ ಮಾತಾಡಿ ನೋಡಬೇಕು. ನವಿಲುತೀರ್ಥದ ಗೇಟು ತೆರೆದ ಮೇಲೆ ಸೆಲ್ ಹುಡುಕಿಕೊಂಡು ಹುಬ್ಬಳ್ಳಿಗೆ ಹೋಗಲು ಕೊಣ್ಣೂರಿನ ದಾರಿ ಇರುವುದಿಲ್ಲ.